ಬೆಟ್ಟಕ್ಕೆ ಯಾವ ಗಾಡಿ?



ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದರೆ ಸಾಕು, ಎಲ್ಲರೂ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ. "ಅಷ್ಟು ದುಡ್ಡು ಕೂಡಿಸಿ ಕೊನೆಗೆ ಈ ಸಣ್ಣ ಗಾಡಿನೇ ತಂದ್ರಾ?" ಕೆಲವರು ನಗುತ್ತಾ ಕೇಳುತ್ತಾರೆ, ಕೆಲವರು ನಗದೆ ಕೇಳುತ್ತಾರೆ. ದೇವಾಲಯದ ಮೆಟ್ಟಿಲ ಮೇಲೆ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ದುಡ್ಡು ನಿಮ್ಮದು. ಅರಿಶಿನ ಮಾರಿ ಕೊಟ್ಟಿದ್ದೀರಿ, ಕೋಸಿನ ಲೋಡು ಹತ್ತಿಸಿದ ಕೂಲಿಯಲ್ಲಿ ಕೊಟ್ಟಿದ್ದೀರಿ, ಒಬ್ಬ ಅಜ್ಜಿ ಕೋಳಿ ಮಾರಿದ 350 ರೂಪಾಯಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಿದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇವೆ. ನಮಗೆ ನಾಚಿಕೆ ತರುವ ಒಂದೆರಡು ಸಂಗತಿಯೂ ಇದರಲ್ಲಿದೆ.

ಗಾಡಿ ಯಾಕೆ ಬೇಕಾಯಿತು ಎನ್ನುವುದು ನಿಮಗೆಲ್ಲ ಗೊತ್ತು. ಆದರೂ ಹೊರಗೆ ಓದಲು, ಕೆಲಸಕ್ಕೆ ಹೋದ ಮಕ್ಕಳೂ ಇದನ್ನು ಓದುವುದರಿಂದ ಒಂದು ಮಾತು. ಬೆಟ್ಟದ ಮೇಲಿನ ನಮ್ಮ ಉಪಕೇಂದ್ರದಲ್ಲಿ 14 ಮನೆ. ತಾಳವಾಡಿಯಿಂದ ಡಾಂಬರು ಮುಗಿಯುವ ತನಕ ಬಸ್ಸಿದೆ. ಅಲ್ಲಿಂದ ಮೇಲೆ 7 ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಬಾಡಿಗೆ ಜೀಪು ಹತ್ತುತ್ತದೆ. ಹಿಂಗಾರು ಹಿಡಿದರೆ ಜೀಪಿನವರು ಕೈ ಮುಗಿಯುತ್ತಾರೆ. ಅವರನ್ನು ತಪ್ಪು ಎನ್ನಲೂ ಆಗದು, ಚಕ್ರ ಜಾರಿದರೆ ಕೆಳಗೆ ಹಳ್ಳ. ಕತ್ತಲಾದ ಮೇಲೆ ಆನೆ ಬೇರೆ.

2021ರ ನವೆಂಬರಿನಲ್ಲಿ ಅಲ್ಲಿನ ಉಪದೇಶಿ ತಾತನಿಗೆ ಎದೆನೋವು ಬಂತು. 108ಕ್ಕೆ ಫೋನು ಮಾಡಿದೆವು. ಆಂಬುಲೆನ್ಸು ಡಾಂಬರು ಮುಗಿಯುವಲ್ಲಿಗೆ ಬಂದು ಕಾಯುತ್ತಿತ್ತು. ತಾತನನ್ನು ಕಂಬಳಿಯಲ್ಲಿ ಮಲಗಿಸಿ, ಕಂಬಳಿಯ ಎರಡೂ ತುದಿಯನ್ನು ಬಿದಿರಿಗೆ ಕಟ್ಟಿ, ನಾಲ್ಕು ಜನ ಹೆಗಲು ಬದಲಿಸುತ್ತಾ ಹೊತ್ತು ತಂದೆವು. ಎರಡೂಮುಕ್ಕಾಲು ಗಂಟೆ ಹಿಡಿಯಿತು. ಆಂಬುಲೆನ್ಸಿನ ಬಾಗಿಲು ತೆಗೆದಾಗ ಅವರು ಉಸಿರಾಡುತ್ತಿರಲಿಲ್ಲ.

ಮರುವಾರದಿಂದಲೇ ದುಡ್ಡು ಕೂಡಿಸಲು ಶುರು ಮಾಡಿದೆವು. ಕ್ಯಾರಲ್ ಹಾಡಿ ಬಂದದ್ದು, ಸುಗ್ಗಿಯ ಕಾಣಿಕೆ, ಭಾನುವಾರ ಮಧ್ಯಾಹ್ನ ನಾವು ಹುಡುಗರು ಹೊಲದಲ್ಲಿ ಆಲೂಗಡ್ಡೆ ಕಿತ್ತ ಕೂಲಿ, ಊರು ಬಿಟ್ಟವರು ಕಳಿಸಿದ್ದು. 2023ರ ಮಳೆಗಾಲದ ಹೊತ್ತಿಗೆ 4,60,000 ರೂಪಾಯಿ ಆಗಿತ್ತು. ಹೊಸ ಫೋರ್ ವೀಲ್ ಡ್ರೈವ್ ಗಾಡಿಯ ಕನಸು ಈ ದುಡ್ಡಿಗೆ ಕಾಣುವ ಹಾಗಿರಲಿಲ್ಲ. ಹಳೆಯದನ್ನೇ ಹುಡುಕಬೇಕು.

ಹುಡುಕಿದಾಗ ಕೊನೆಗೆ ಉಳಿದದ್ದು ಎರಡು. ಕೊಡಗಿನ ಒಂದು ಕಾಫಿ ತೋಟದಲ್ಲಿದ್ದ 2011ರ ಮಾರುತಿ ಜಿಪ್ಸಿ. ಕೊಯಮತ್ತೂರಿನಲ್ಲಿದ್ದ 2012ರ ಮಹೀಂದ್ರಾ ಸ್ಕಾರ್ಪಿಯೋ, ಫೋರ್ ವೀಲ್ ಡ್ರೈವ್ ಇರುವುದು. ಒಂದು ಆಡು, ಇನ್ನೊಂದು ಎಮ್ಮೆ ಎಂದು ನಮ್ಮ ಟೈಲರ್ ಮಾವ ಹೇಳಿದರು. ಆ ಮಾತು ಕೊನೆಯವರೆಗೂ ಉಳಿಯಿತು. ಸಭೆಯಲ್ಲಿ ಎಲ್ಲರೂ ಆಡಿನವರು, ಎಮ್ಮೆಯವರು ಎಂದು ಎರಡು ಪಕ್ಷವಾಗಿಬಿಟ್ಟರು.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಯುವಕ ಸಂಘದವರಾದ ನಾವು ಗಾಡಿ ನೋಡುವ ಮೊದಲೇ ಜಿಪ್ಸಿಗೆ ಮನಸು ಕೊಟ್ಟಿದ್ದೆವು. ಬಂಡೀಪುರದಲ್ಲಿ ಸಫಾರಿಗೆ ಓಡುವ ಹಸಿರು ಜಿಪ್ಸಿ, ಮಿಲಿಟರಿ ಜಿಪ್ಸಿ, ಪೊಲೀಸ್ ಜಿಪ್ಸಿ ನೋಡಿ ಬೆಳೆದವರು ನಾವು. 1985ರಲ್ಲಿ ಬಂದ ಗಾಡಿ, 2019ರಲ್ಲಿ ಜನರಿಗೆ ಮಾರುವುದು ನಿಂತುಹೋಯಿತು, ಇನ್ನು ಮುಂದೆ ಸಿಗುವುದಿಲ್ಲ ಎನ್ನುವ ಆಸೆ ಬೇರೆ. ಹಿಂದಿನ ಗಾಜಿಗೆ ಹಾಕಲು ಯುವಕ ಸಂಘದ ಹೆಸರಿನ ಸ್ಟಿಕ್ಕರನ್ನು ಚಾಮರಾಜನಗರದಲ್ಲಿ ಮುದ್ರಿಸಿಯೂ ಆಗಿತ್ತು. ಪಾಲನಾ ಸಮಿತಿಯ ಸಭೆ ಇನ್ನೂ ನಡೆದಿರಲಿಲ್ಲ! ಸಭೆಯಲ್ಲಿ ನಾವು ಏನೇನೋ ತಾಂತ್ರಿಕ ಕಾರಣ ಕೊಟ್ಟೆವು. ನಿಜವಾದ ಕಾರಣ ಆ ಸ್ಟಿಕ್ಕರು.

ಎಮ್ಮೆಯ ಪಕ್ಷಕ್ಕೆ ಮುಂದಾಳು ತಾತನ ಮಗ. ನಾವೆಲ್ಲ ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಹೆಚ್ಚು ಮಾತಾಡುವವರಲ್ಲ. ಅವತ್ತು ಎದ್ದು ನಿಂತು, "ನಮ್ಮಪ್ಪನ ಕಂಬಳಿಲಿ ಹೊತ್ಕ ಬಂದೊ. ಇನ್ನೊಬ್ರು ಹಂಗ ಬರದು ಬ್ಯಾಡ. ಬರೋರು ಮನ್ಸರ ಹಂಗ ಸೀಟಲ್ಲಿ ಕೂತ್ಕಂಡು ಬರ್ಲಿ. ತಂದ್ರ ದೊಡ್ಡ ಗಾಡಿನೇ ತನ್ನಿ ಮಕ್ಳಾ" ಅಂದರು. ಅದಾದ ಮೇಲೆ ನಮ್ಮ ಕಡೆಯಿಂದ ಯಾರೂ ಬಾಯಿ ತೆರೆಯಲಿಲ್ಲ. ಫಾದರ್ ಒಂದು ಮಾತು ಹೇಳಿದರು: ಎರಡೂ ಗಾಡಿ ನೋಡಿ ಬನ್ನಿ, ದಾರಿಯನ್ನೂ ನೋಡಿ ಬನ್ನಿ, ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿ.

ಮೊದಲು ಕೊಯಮತ್ತೂರಿಗೆ ಹೋದೆವು. ದಿಂಬಂ ಘಾಟಿಯ 27 ತಿರುವು ಇಳಿದು ಬಸ್ಸಿನಲ್ಲಿ. ಸ್ಕಾರ್ಪಿಯೋ ನೋಡಿದ ಕೂಡಲೇ ದೊಡ್ಡಪ್ಪನ ಮುಖ ಅರಳಿತು. ಒಳಗೆ ಕೂತರೆ ನಮಗೂ ಇಳಿಯಲು ಮನಸಾಗಲಿಲ್ಲ ಎನ್ನುವುದು ನಿಜ. 2179 ಸಿಸಿ ಡೀಸೆಲ್ ಎಂಜಿನ್, 120 ಕುದುರೆ ಶಕ್ತಿ. ಎಳೆಯುವ ಬಲ, ಅಂದರೆ ಟಾರ್ಕು, ಜಿಪ್ಸಿಯ ಮೂರು ಪಟ್ಟಿಗೆ ಹತ್ತಿರ. ಏಸಿ ಇದೆ, ಪವರ್ ಸ್ಟೀರಿಂಗ್ ಇದೆ. ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗಬಹುದು. ತಮಿಳುನಾಡಿನದೇ ನಂಬರು, ಕಾಗದ ಬದಲಿಸುವುದು ಸುಲಭ. 4,75,000 ಹೇಳಿದರು, 4,40,000ಕ್ಕೆ ಇಳಿದರು.

ಇಲ್ಲೊಂದು ವಿಷಯ, ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳುವವರಿಗೆ ಬಂದೀತು ಎಂದು ಹೇಳುತ್ತೇವೆ. ಆ ಸ್ಕಾರ್ಪಿಯೋದಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡಲು ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ಗುಂಡಿ ಇದೆ. ತಿರುಗಿಸಿದೆವು, ದೀಪ ಮಿನುಗಿತು. ಮಾರುವವರು "ನೋಡಿ, ಕೆಲಸ ಮಾಡುತ್ತಿದೆ" ಅಂದರು. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಅಣ್ಣ ನಂಬಲಿಲ್ಲ. ಪಕ್ಕದ ಖಾಲಿ ಸೈಟಿನ ಮರಳು ಗುಡ್ಡೆಗೆ ಗಾಡಿಯ ಹಿಂದಿನ ಚಕ್ರ ಹತ್ತಿಸಿ ಒತ್ತಿದರು. ಹಿಂದಿನ ಚಕ್ರ ಗಿರಗಿರ ತಿರುಗಿತು, ಮುಂದಿನದು ಅಲ್ಲಾಡಲಿಲ್ಲ. ಹತ್ತು ವರ್ಷ ಪೇಟೆಯಲ್ಲಿ ಓಡಿದ ಗಾಡಿ, ಆ ಗುಂಡಿಯನ್ನು ಯಾರೂ ಮುಟ್ಟಿಯೇ ಇರಲಿಲ್ಲವೇನೋ. ಬಳಸದೇ ಬಿಟ್ಟರೆ ತುಕ್ಕು ಹಿಡಿಯುವುದು ಗಾಡಿಗೂ ಇದೆ. ಸರಿ ಮಾಡಿಸಿಕೊಡುತ್ತೇವೆ ಅಂದರು. ಗಾಡಿ ಕೆಟ್ಟದೇನಲ್ಲ, ಈ ಒಂದು ಕಾರಣಕ್ಕೆ ನಾವು ಬೇಡ ಎನ್ನಲಿಲ್ಲ. ಆದರೆ ದೀಪ ನೋಡಿ ನಂಬಬೇಡಿ, ಮಣ್ಣಿನ ಮೇಲೆ ನಿಲ್ಲಿಸಿ ನೋಡಿ.

ಮಾರನೇ ವಾರ ಕೊಡಗು. ಜಿಪ್ಸಿ ತೋಟದ ಶೆಡ್ಡಿನಲ್ಲಿ ನಿಂತಿತ್ತು. 1298 ಸಿಸಿ ಪೆಟ್ರೋಲ್ ಎಂಜಿನ್, 80 ಕುದುರೆ ಶಕ್ತಿ. ಏಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಏರ್‌ಬ್ಯಾಗು, ಎಬಿಎಸ್ಸು ಕೇಳಲೇಬೇಡಿ. ಹಿಂದೆ ಎದುರುಬದುರು ಎರಡು ಬೆಂಚು. ಕೂತರೆ ಮಂಡಿಗೆ ಮಂಡಿ ತಾಗುತ್ತದೆ. ದೊಡ್ಡಪ್ಪ ಕೂತು ಎದ್ದು, "ಈ ಡಬ್ಬದೊಳಗ ಕೂತ್ರ ಇಲ್ದಿರೊ ಕಾಯಿಲನೂ ಬತ್ತದ ಕನಪ್ಪ" ಅಂದರು. ಬಂಪರಿನ ಹಿಂದೆ ನೆಲದ ತಗಡು ಎರಡು ಕಡೆ ತುಕ್ಕು ತಿಂದಿತ್ತು. ಮುಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಒಸರುತ್ತಿತ್ತು. ಸೀಲು ಹೋಗಿದೆ, ವಯಸ್ಸಾದ ಜಿಪ್ಸಿಗೆ ಇದು ಸಾಮಾನ್ಯ ಎಂದು ಮೆಕ್ಯಾನಿಕ್ ಅಣ್ಣ ಹೇಳಿದರು. ಚಾಸಿಯನ್ನು ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟಿ ನೋಡಿದರು. ಗಟ್ಟಿ ಇತ್ತು. ತಗಡು ಬದಲಿಸಬಹುದು, ಚಾಸಿ ತುಕ್ಕು ಹಿಡಿದಿದ್ದರೆ ತಿರುಗಿ ನೋಡದೆ ಬರಬೇಕು ಎನ್ನುವುದು ಅವರ ನಿಯಮ.

ಇದರಲ್ಲಿ ಗುಂಡಿ ಇಲ್ಲ. ಮುಂದಿನ ಎರಡೂ ಚಕ್ರದ ನಡುವೆ ಇರುವ ಹಬ್ಬನ್ನು ಕೆಳಗಿಳಿದು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು, ಆಮೇಲೆ ಒಳಗಿನ ಸಣ್ಣ ಗೇರನ್ನು ಎಳೆಯಬೇಕು. ಮಳೆಯಲ್ಲಿ ನೆನೆಯುತ್ತಾ ಮಾಡುವ ಕೆಲಸ. ಆದರೆ ಕೆಸರಿನಲ್ಲಿ ನಿಲ್ಲಿಸಿ ನೋಡಿದಾಗ ನಾಲ್ಕೂ ಚಕ್ರ ತಿರುಗಿತು. ತೋಟದವರು ದಿನಾ ಬಳಸಿದ್ದರು. ಇನ್ನೊಂದು ಅನುಕೂಲ, ಇದರ ಎಂಜಿನ್ ಎಸ್ಟೀಮಿಗೂ, ಮೊದಲು ಬಂದ ಪೆಟ್ರೋಲ್ ಸ್ವಿಫ್ಟಿಗೂ ಹಾಕಿದ ಎಂಜಿನ್ನೇ. ಚಾಮರಾಜನಗರದ ಯಾವ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚುತ್ತಾನೆ. ಬೆಲೆ 3,90,000 ಹೇಳಿ 3,55,000ಕ್ಕೆ ಒಪ್ಪಿದರು.

ನಾವು ಬಿಎಸ್ಸಿ ಓದಿದವರು. ವಾಪಸ್ ಬರುವ ಬಸ್ಸಿನಲ್ಲಿ ಟಿಕೆಟಿನ ಹಿಂದೆ ಲೆಕ್ಕ ಹಾಕಿದೆವು. ಜಿಪ್ಸಿ ಹತ್ತಿರ ಹತ್ತಿರ ಒಂದು ಟನ್, ಸ್ಕಾರ್ಪಿಯೋ ಎರಡು ಟನ್ನಿಗೆ ಹತ್ತಿರ. ಒಂದು ಟನ್ನಿಗೆ ಇಷ್ಟು ಕುದುರೆ ಎಂದು ಭಾಗಿಸಿದರೆ ಜಿಪ್ಸಿಗೆ 80, ಸ್ಕಾರ್ಪಿಯೋಗೆ 60 ಚಿಲ್ಲರೆ. ಆಡು ಗೆದ್ದಿತು ಎಂದು ಕುಣಿದೆವು. ಊರಿಗೆ ಬಂದು ಫಲಕದ ಮೇಲೆ ಬರೆದು ತೋರಿಸಿದೆವು.

ಆಗ ನಮ್ಮ ಡಿಸ್ಪೆನ್ಸರಿಯ ನರ್ಸ್ ಸಿಸ್ಟರ್ ಕೇಳಿದ ಒಂದೇ ಪ್ರಶ್ನೆಗೆ ನಮ್ಮ ಭೌತಶಾಸ್ತ್ರವೆಲ್ಲ ಹಾರಿಹೋಯಿತು. "ನೀವು ಗಾಡಿ ಹತ್ತುವುದನ್ನು ಲೆಕ್ಕ ಹಾಕಿದ್ದೀರಿ ಮಕ್ಕಳೇ. ಎಂಟು ತಿಂಗಳ ಬಸುರಿ ಅದರಲ್ಲಿ ಇಳಿದು ಬರುವುದನ್ನು ಲೆಕ್ಕ ಹಾಕಿದ್ದೀರಾ?"

ಹಾಕಿರಲಿಲ್ಲ. ಜಿಪ್ಸಿಯ ನಾಲ್ಕೂ ಮೂಲೆಯಲ್ಲಿ ಎತ್ತಿನ ಗಾಡಿಯ ಕಾಲದ ಪಟ್ಟಿ ಸ್ಪ್ರಿಂಗು. ಭಾರ ಹೊರಲು ಗಟ್ಟಿ, ಮೈಗೆ ಒರಟು. ಸ್ಕಾರ್ಪಿಯೋದ ಹಿಂದೆ ಕಾಯಿಲ್ ಸ್ಪ್ರಿಂಗು, ಮುಂದಿನ ಎರಡು ಚಕ್ರ ಒಂದಕ್ಕೊಂದು ಸಂಬಂಧವಿಲ್ಲದೆ ಏರಿ ಇಳಿಯುತ್ತವೆ. ಎಷ್ಟು ವ್ಯತ್ಯಾಸ? ಬಾಯಿಮಾತು ಬೇಡ, ಅಳೆಯೋಣ ಎಂದೆವು. ತೋಟದವರು ದೊಡ್ಡ ಮನಸ್ಸು ಮಾಡಿ ಜಿಪ್ಸಿಯನ್ನು ಎರಡು ದಿನಕ್ಕೆ ಕಳಿಸಿದರು. ಸ್ಕಾರ್ಪಿಯೋವನ್ನು ಅಷ್ಟು ದೂರ ಕಳಿಸಲು ಕೊಯಮತ್ತೂರಿನವರು ಒಪ್ಪಲಿಲ್ಲ. ಕೊನೆಗೆ ನಮ್ಮ ಊರಿನವರೇ ಒಬ್ಬರ ಟು ವೀಲ್ ಡ್ರೈವ್ ಸ್ಕಾರ್ಪಿಯೋ ಸಿಕ್ಕಿತು. ಕುಲುಕಾಟ ನೋಡಲು ಅದು ಸಾಕು. ಸಿಸ್ಟರ್ ಅಡುಗೆಮನೆಯಿಂದ ಅಗಲ ಬಾಯಿಯ ಪಾತ್ರೆ ತಂದು ಅಂಚಿನವರೆಗೆ 10 ಲೀಟರ್ ನೀರು ತುಂಬಿ ಹಿಂದಿನ ಸೀಟಿನ ಜಾಗದಲ್ಲಿ ಇಡಿಸಿದರು. ಕೆರೆಯ ಹಿಂದಿನ ಕಲ್ಲು ದಾರಿಯಲ್ಲಿ 2 ಕಿಲೋಮೀಟರ್, ಒಂದೇ ವೇಗ, ಒಬ್ಬನೇ ಡ್ರೈವರ್. ಸ್ಕಾರ್ಪಿಯೋದಲ್ಲಿ ಒಂದೂವರೆ ಲೀಟರ್ ಚೆಲ್ಲಿತು. ಜಿಪ್ಸಿಯಲ್ಲಿ ನಾಲ್ಕೂಕಾಲು ಲೀಟರ್! ಪಾತ್ರೆ ಹಿಡಿದು ಕೂತಿದ್ದ ನಮ್ಮವನೊಬ್ಬ ಸ್ನಾನ ಮಾಡಿ ಬಂದವನ ಹಾಗೆ ಇಳಿದ. ಸಿಸ್ಟರ್ ಏನೂ ಹೇಳಲಿಲ್ಲ. ದೊಡ್ಡಪ್ಪ ನಕ್ಕರು. ತಾತ ಹೋದ ಮೇಲೆ ಅವರು ನಕ್ಕಿದ್ದನ್ನು ನಾವು ನೋಡಿದ್ದು ಅವತ್ತೇ ಇರಬೇಕು.

ಮೆಕ್ಯಾನಿಕ್ ಅಣ್ಣ ಒಂದು ಉಪಾಯ ಹೇಳಿದರು. ಟೈರಿನ ಗಾಳಿ ಇಳಿಸಿ ನೋಡಿ. 28 ಇದ್ದದ್ದನ್ನು 18ಕ್ಕೆ ಇಳಿಸಿ ಅದೇ ದಾರಿಯಲ್ಲಿ ಓಡಿಸಿದೆವು. ಎರಡೂಮುಕ್ಕಾಲು ಲೀಟರ್ ಚೆಲ್ಲಿತು. ಗಾಳಿ ಕಡಿಮೆಯಾದರೆ ಟೈರೇ ಅರ್ಧ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಕೆಸರಿನಲ್ಲಿ ನೆಲ ಹಿಡಿಯುವುದೂ ಜಾಸ್ತಿ. ಆದರೆ ಡಾಂಬರು ಸಿಕ್ಕಿದ ಕೂಡಲೇ ತುಂಬಿಸಿಕೊಳ್ಳಬೇಕು, ಇಲ್ಲವಾದರೆ ಟೈರು ಬಿಸಿಯಾಗಿ ಹಾಳಾಗುತ್ತದೆ, ಗಾಡಿ ತಿರುವಿನಲ್ಲಿ ಮಾತು ಕೇಳುವುದಿಲ್ಲ. ಇಷ್ಟಾದರೂ ಸ್ಕಾರ್ಪಿಯೋಗೆ ಸಮ ಆಗಲಿಲ್ಲ. ಸಿಸ್ಟರ್ ಮಾತು ಅವತ್ತೂ ಸರಿ ಇತ್ತು, ಇವತ್ತೂ ಸರಿ ಇದೆ.

ಹಾಗಾಗಿ ಆ ರಾತ್ರಿ ನಾವು ಸೋತೆವು ಎಂದೇ ಮಲಗಿದ್ದು. ಸ್ಕಾರ್ಪಿಯೋ ತರುವುದು ಎಂದು ಬಹುತೇಕ ನಿಂತುಹೋಗಿತ್ತು. ಫಾದರ್ ಹೇಳಿದ್ದರಲ್ಲಿ ಒಂದು ಕೆಲಸ ಮಾತ್ರ ಬಾಕಿ, ದಾರಿ ನೋಡುವುದು.

ದಾರಿ ಯಾರಿಗೆ ಗೊತ್ತಿಲ್ಲ? ಎಷ್ಟು ಸಲ ಹತ್ತಿ ಇಳಿದಿದ್ದೇವೆ. ಆದರೆ ನಡೆಯುವವನ ಕಣ್ಣಿಗೆ ದಾರಿ ಯಾವಾಗಲೂ ಅಗಲ. ಟೈಲರ್ ಮಾವನ ಟೇಪು ತೆಗೆದುಕೊಂಡು ಹೊರಟೆವು. ಅದು 150 ಸೆಂಟಿಮೀಟರಿಗೆ ಮುಗಿದುಹೋಗುತ್ತದೆ, ಜಿಪ್ಸಿಯ ಅಗಲಕ್ಕೇ 4 ಸೆಂಟಿಮೀಟರ್ ಕಡಿಮೆ. ದೊಡ್ಡಪ್ಪ ಕತ್ತಿ ತೆಗೆದುಕೊಂಡು ಹೋಗಿ, ದಾರಿಯ ಬುಡದಲ್ಲಿರುವ ಮೆಳೆಯಿಂದ ಎರಡು ಬಿದಿರು ಕಡಿದು ತಂದರು. ಒಂದನ್ನು 154 ಸೆಂಟಿಮೀಟರಿಗೆ ಕತ್ತರಿಸಿದೆವು, ಅದು ಜಿಪ್ಸಿ. ಇನ್ನೊಂದು 182, ಅದು ಸ್ಕಾರ್ಪಿಯೋ. ಕನ್ನಡಿಗಳನ್ನು ಮಡಚಿಕೊಂಡರೆ ಇಷ್ಟು. ಇಬ್ಬರು ಎರಡು ತುದಿ ಹಿಡಿದು ಬಿದಿರನ್ನು ದಾರಿಗೆ ಅಡ್ಡವಾಗಿ ಹಿಡಿದುಕೊಂಡೇ 7 ಕಿಲೋಮೀಟರ್ ಹತ್ತಿದೆವು. ಎಲ್ಲಿ ತಾಗುತ್ತದೋ ಅಲ್ಲಿ ಸುಣ್ಣದ ಗುರುತು.

ಸಣ್ಣ ಬಿದಿರು ಎಲ್ಲೂ ತಾಗಲಿಲ್ಲ. ದೊಡ್ಡದು ಐದು ಕಡೆ ತಾಗಿತು. ಮೂರು ಕಡೆ ಲಂಟಾನದ ಪೊದೆ, ಒಂದು ಕಡೆ ಮಣ್ಣಿನ ದಿಣ್ಣೆ. "ಇವೆಲ್ಲ ನಾನೊಬ್ನೇ ಕಡ್ದಾಕ್ತೀನಿ" ಎಂದು ದೊಡ್ಡಪ್ಪ ಹೇಳುತ್ತಾ ಬಂದರು. ಐದನೆಯದು ಹಳ್ಳದ ಮೇಲಿನ ಕಲ್ಲು ಚಪ್ಪಡಿ. ಯಾವ ಕಾಲದಲ್ಲಿ ಯಾರು ಹಾಕಿದ್ದೋ, ಎರಡು ಉದ್ದನೆಯ ಕಲ್ಲು ಜೋಡಿಸಿದ ಸೇತುವೆ. ಅದಕ್ಕೆ ಅಂಚುಗೋಡೆ ಇಲ್ಲ, ಆದ್ದರಿಂದ ಗಾಡಿಯ ಅಗಲ ಮುಖ್ಯವಲ್ಲ, ಚಕ್ರದ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟು ಎನ್ನುವುದು ಮುಖ್ಯ. ನಾವು ಅಳೆದುಕೊಂಡು ಬಂದಿದ್ದ ಪ್ರಕಾರ ಜಿಪ್ಸಿಗೆ 152, ಸ್ಕಾರ್ಪಿಯೋಗೆ 172. ಚಪ್ಪಡಿಯ ಅಗಲ ಒಂದು ತುದಿಯಲ್ಲಿ 176, ಇನ್ನೊಂದು ತುದಿಯಲ್ಲಿ 168.

ನಾವು ಟೇಪು ಸುತ್ತಿಕೊಂಡು ಸುಮ್ಮನೆ ನಿಂತೆವು. ಹೇಳುವುದಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ದೊಡ್ಡಪ್ಪನೇ ಬಿದಿರಿಗೆ ಕತ್ತಿಯಿಂದ 172ಕ್ಕೆ ಗುರುತು ಹಾಕಿಸಿಕೊಂಡರು. ಚಪ್ಪಡಿಯ ಮೇಲೆ ಮಂಡಿಯೂರಿ ಕೂತು ಅದನ್ನು ಅಡ್ಡ ಇಟ್ಟರು. ಆ ಕಡೆ ಸರಿಸಿದರು, ಈ ಕಡೆ ಸರಿಸಿದರು. ಯಾವ ಕಡೆ ಸರಿಸಿದರೂ ಒಂದು ತುದಿ ಗಾಳಿಯಲ್ಲೇ. ಸ್ವಲ್ಪ ಹೊತ್ತು ಆ ಬಿದಿರನ್ನು ಹಿಡಿದುಕೊಂಡೇ ಕೂತಿದ್ದರು. ಎರಡು ವರ್ಷದ ಹಿಂದೆ ನಾವು ಕಂಬಳಿ ಕಟ್ಟಿದ ಬಿದಿರನ್ನೂ ಅದೇ ಮೆಳೆಯಿಂದ ಕಡಿದದ್ದು. ಅದನ್ನು ಕಡಿದವರೂ ಅವರೇ.

"ನಡೀರಿ, ಮಳ ಬತ್ತದ" ಅಂದರು. ಮೇಲೆ ಹತ್ತುವಾಗ ಮತ್ತೆ ಗಾಡಿಯ ಮಾತು ಬರಲಿಲ್ಲ.

ಚಪ್ಪಡಿ ಅಗಲ ಮಾಡಿಸಬಹುದಲ್ಲ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅದು ಕಾಡಿನೊಳಗಿನ ದಾರಿ, ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಕಲ್ಲು ಕಟ್ಟಲು ಅನುಮತಿ ಬೇಕು, ಅರ್ಜಿ ಕೊಟ್ಟಿದ್ದೇವೆ. ಮುಂದಿನ ಹಿಂಗಾರಿನೊಳಗೆ ಆಗುವ ಕೆಲಸ ಅದಲ್ಲ. ಚಪ್ಪಡಿಯ ಈಚೆ ಸ್ಕಾರ್ಪಿಯೋ ನಿಲ್ಲಿಸಿ ಅಲ್ಲಿಗೆ ಹೊತ್ತು ತಂದರೆ ಎಂದೂ ಯೋಚಿಸಿದೆವು. ಚಪ್ಪಡಿಯಿಂದ ಹಟ್ಟಿಗೆ ಇನ್ನೂ 4 ಕಿಲೋಮೀಟರ್. ಅಂದರೆ ಕಂಬಳಿ ಬಿದಿರು ಮತ್ತೆ ಬೇಕು.

ಆಮೇಲಿನ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಆ ಸಭೆಯಲ್ಲಿ ಒಂದು ಸಂಗತಿ ನಮಗೆ ಸ್ಪಷ್ಟವಾಯಿತು, ಮೊದಲೇ ಹೊಳೆಯಬೇಕಿತ್ತು. ನಾವು ಇಡೀ ಪ್ರಯಾಣಕ್ಕೆ ಗಾಡಿ ಹುಡುಕುತ್ತಿದ್ದೆವು, ಮನೆಯಿಂದ ಆಸ್ಪತ್ರೆಯವರೆಗೆ. ಡಾಂಬರಿನಿಂದ ಆಚೆಗೆ 108 ಇದೆ, ಮಲಗಿಸುವ ಹಾಸಿಗೆ ಇದೆ, ಆಕ್ಸಿಜನ್ ಇದೆ. ನಮ್ಮ ಗಾಡಿ ಮಾಡಬೇಕಾದದ್ದು ಆ 7 ಕಿಲೋಮೀಟರ್ ಮಾತ್ರ. ಅಷ್ಟನ್ನು ಎಲ್ಲ ಕಾಲದಲ್ಲೂ ಮಾಡಬೇಕು. ದೊಡ್ಡ ಗಾಡಿ ಚೆನ್ನಾಗಿ ಓಡುವ ಕಡೆಯಲ್ಲೆಲ್ಲ ಬಸ್ಸೂ ಇದೆ, ಆಂಬುಲೆನ್ಸೂ ಇದೆ.

ಇದರಿಂದ ನಷ್ಟವಾದವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಗಾಯನ ಮಂಡಳಿಯವರು ದೊಡ್ಡ ಗಾಡಿ ಬಂದರೆ ಎಲ್ಲ ಉಪಕೇಂದ್ರಕ್ಕೂ ಒಟ್ಟಿಗೆ ಹೋಗಬಹುದು ಎಂದುಕೊಂಡಿದ್ದರು. ಮಂಡಿನೋವಿನ ಅಜ್ಜಿಯರು ಹಬ್ಬಕ್ಕೆ ಆರಾಮವಾಗಿ ಬರಬಹುದು ಎಂದುಕೊಂಡಿದ್ದರು. ಜಿಪ್ಸಿಯ ಹಿಂಬದಿಗೆ ಹತ್ತಲು ಅವರಿಂದ ಆಗುವುದಿಲ್ಲ. ಅವರ ದುಡ್ಡೂ ಇದರಲ್ಲಿದೆ.

ಲೆಕ್ಕ ಹೀಗಿದೆ. ಗಾಡಿಗೆ 3,55,000. ಕರ್ನಾಟಕದ ನಂಬರು ಆದ್ದರಿಂದ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಹೆಸರು ಬದಲಿಸಿ, ಇನ್ಶೂರೆನ್ಸ್ ಮಾಡಿಸಲು ಒಟ್ಟು 31,000. ಗಡಿ ದಾಟಿ ಗಾಡಿ ತರುವವರು ಈ ಖರ್ಚನ್ನು ಮೊದಲೇ ಬೆಲೆಗೆ ಕೂಡಿಸಿಕೊಳ್ಳಿ, ಓಡಾಟ ಬೇರೆ. ತಗಡು, ಸೀಲು, ಬ್ರೇಕು, ಎರಡು ಟೈರಿಗೆ 38,400. ಎಡಗಡೆ ಮುಂದಿನ ಸೀಟನ್ನು ಬಿಚ್ಚಿ ಹಾಕುವಂತೆ ಮಾಡಿಸಿ, ಅಲ್ಲಿಂದ ಹಿಂದಿನವರೆಗೆ ಒಬ್ಬರು ಮಲಗಲು ಹಲಗೆ, ಮೇಲೆ ದಪ್ಪ ಸ್ಪಂಜು, ಕಟ್ಟಲು ಬೆಲ್ಟು, ಇದಕ್ಕೆ 2,200. ಹಲಗೆ ಸಿಸ್ಟರ್ ಹೇಳಿದ ಅಳತೆಯಂತೆ ಮಾಡಿಸಿದ್ದು. ಅದರ ಮೇಲೆ ಮೊದಲು ಮಲಗಿ ಬೆಟ್ಟ ಇಳಿದು ಬಂದದ್ದು ನಮ್ಮಲ್ಲೇ ಒಬ್ಬ, ಎರಡು ದಿನ ಸೊಂಟ ಹಿಡಿದುಕೊಂಡು ತಿರುಗಿದ. ಆಮೇಲೆ ಸ್ಪಂಜನ್ನು ಇನ್ನೊಂದು ಪದರ ಹಾಕಿಸಿದೆವು. ಉಳಿದದ್ದು 33,400, ಅದು ಪೆಟ್ರೋಲಿಗೆ. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ ಈ ಗಾಡಿ ಬೆಟ್ಟದಲ್ಲಿ ಕೊಡುವುದು 7 ಕಿಲೋಮೀಟರ್, ಕೆಲವೊಮ್ಮೆ ಅದೂ ಇಲ್ಲ. 2026ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ, ಆಗ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ಅದಕ್ಕೆ ಈಗಿಂದಲೇ ಸ್ವಲ್ಪ ಎತ್ತಿಡುತ್ತಿದ್ದೇವೆ. ಸ್ಟಿಕ್ಕರಿನ ಖರ್ಚು ಈ ಲೆಕ್ಕದಲ್ಲಿ ಇಲ್ಲ, ಅದು ನಮ್ಮ ಜೇಬಿನದು. ಸ್ಟಿಕ್ಕರ್ ಅಂಟಿಸಿಲ್ಲ.

ಮೊದಲ ನಿಜವಾದ ಓಟ ನವೆಂಬರಿನಲ್ಲಿ. ಮೇಲಿನ ಹಟ್ಟಿಯ ಒಬ್ಬ ತಾಯಿಗೆ ದಿನ ತುಂಬಲು ಇನ್ನೂ ಎರಡು ವಾರ ಇತ್ತು. ನೋವು ಬರುವ ತನಕ ಕಾಯುವುದು ಬೇಡ, ಮೊದಲೇ ಕೆಳಗೆ ತಂದು ತಾಳವಾಡಿಯ ನೆಂಟರ ಮನೆಯಲ್ಲಿ ಇರಿಸೋಣ ಎಂದು ಸಿಸ್ಟರ್ ಹೇಳಿದರು. ಜಿಪ್ಸಿಯ ಕುಲುಕಾಟಕ್ಕೆ ಅವರು ಕಂಡುಕೊಂಡ ಮದ್ದು ಅದು. ಮೂರು ದಿನದಿಂದ ಮಳೆ. ಹತ್ತುವಾಗ ಎರಡು ಕಡೆ ಗಾಡಿ ಅಡ್ಡಡ್ಡ ಜಾರಿತು, ಚಪ್ಪಡಿಯ ಮೇಲೆ ನಮ್ಮ ಉಸಿರೇ ನಿಂತಿತ್ತು. ಇಳಿಯುವಾಗ ಲೋ ಗೇರಿನಲ್ಲಿ ಬ್ರೇಕಿಗೆ ಕಾಲಿಡದೆ, ನಡೆಯುವವರಿಗಿಂತ ಸ್ವಲ್ಪ ಬೇಗ, ಅಷ್ಟೇ. ಟೈರಿನಲ್ಲಿ 18 ಗಾಳಿ. ಆ ತಾಯಿ ಮುಂದಿನ ಸೀಟಿನಲ್ಲಿ ಎರಡು ದಿಂಬಿನ ನಡುವೆ ಕೂತಿದ್ದಳು. ಹಿಂದೆ ಅವಳ ಅತ್ತೆ, ಸಿಸ್ಟರ್, ದೊಡ್ಡಪ್ಪ. ದೊಡ್ಡಪ್ಪ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದು, ಪ್ರತಿ ಗುಂಡಿ ಬರುವ ಮೊದಲೇ "ಮೆಲ್ಲಗ, ಮೆಲ್ಲಗ ಮಗ" ಎನ್ನುತ್ತಿದ್ದರು. ಅವರ ತಲೆ ಕಂಬಿಗೆ ಮೂರು ಸಲ ಬಡಿಯಿತು. ಡಾಂಬರು ಸಿಕ್ಕಿದಾಗ ಗಡಿಯಾರ ನೋಡಿದೆವು. 55 ನಿಮಿಷ.

ಇಳಿದು ಕೈಪಂಪಿನಿಂದ ಗಾಳಿ ತುಂಬುತ್ತಿದ್ದಾಗ ದೊಡ್ಡಪ್ಪ ತಲೆ ಉಜ್ಜಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತರು. "ಗಾಡಿ ಡಬ್ಬನೇ ಕನಪ್ಪ" ಅಂದರು. ಪಂಪನ್ನು ನಮ್ಮ ಕೈಯಿಂದ ಇಸಿದುಕೊಂಡು ತಾವೇ ಒತ್ತಲು ಶುರು ಮಾಡಿದರು.

ಈಗ ಗಾಡಿಯ ಕೀ ಡಿಸ್ಪೆನ್ಸರಿಯ ಬಾಗಿಲ ಹಿಂದಿನ ಮೊಳೆಯಲ್ಲಿ ಇರುತ್ತದೆ. ಓಡಿಸಲು ಮೂವರಿಗೆ ಮಾತ್ರ ಅನುಮತಿ, ಹೆಸರು ಅಲ್ಲೇ ಬರೆದಿದೆ. ದಿಂಬಂ ಇಳಿಯಲು, ಮದುವೆಗೆ, ಟೂರಿಗೆ ಕೇಳಬೇಡಿ, ಕೊಡುವುದಿಲ್ಲ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಈ ತಿಂಗಳ ಸರದಿ ಕೆರೆ ಬೀದಿಯವರದ್ದು. ಎಡಗಡೆಯ ಹಬ್ಬು ಇನ್ನೂ ಸ್ವಲ್ಪ ಬಿಗಿ ಇದೆ, ಮಳೆಯಲ್ಲಿ ತಿರುಗಿಸುವಾಗ ಕೈ ಜೋಪಾನ.